ಗೋಡೆ ಹತ್ತಿದ ಅಪ್ಪಂದಿರು

ರಾಮಾಂಜಿನಪ್ಪ ಪಂಚೆ ಎತ್ತಿ ಕಟ್ಟಿ, ಕಾಲೇಜಿನ ಕಾಂಪೌಂಡ್ ಗೋಡೆಯ ಮೇಲೆ ಒಂದು ಕಾಲು ಆಚೆ, ಒಂದು ಕಾಲು ಈಚೆ ಹಾಕಿ ಕೂರುವಷ್ಟರಲ್ಲಿ ಪಕ್ಕದಲ್ಲೇ ಎರಡು ಕೈಗಳು ಕಾಣಿಸಿಕೊಂಡವು. ಆಮೇಲೆ ಒಂದು ಕನ್ನಡಕ ಮೇಲೆದ್ದಿತು.

“ಸ್ವಲ್ಪ ಹಿಡ್ಕೊಳ್ತೀರಾ?”

ರಾಮಾಂಜಿನಪ್ಪ ಆ ಮನುಷ್ಯನನ್ನು ರಟ್ಟೆ ಹಿಡಿದು ಎಳೆದು ಕೂರಿಸಿದ. ಹೆಸರು ಮುರಳೀಕೃಷ್ಣ, ಹೊಸೂರಿನಲ್ಲಿ ವಕೀಲ. ಇಸ್ತ್ರಿ ಮಾಡಿದ ಅಂಗಿಗೆ ಸುಣ್ಣ ಮೆತ್ತಿಕೊಂಡಿತ್ತು. ಅವನ ಮಗಳು ವನಿತಾ ಒಳಗೆ ಮೈದಾನದಲ್ಲಿದ್ದಳು. ಕಬಡ್ಡಿ ಕೋಟಾದಲ್ಲಿ ಸೀಟು ಕೊಡಲು ಆ ದಿನ ಆಯ್ಕೆ. ಗೇಟಿನ ವಾಚ್‌ಮನ್ ಹುಡುಗಿಯರನ್ನು ಮಾತ್ರ ಬಿಟ್ಟು, ಹೆತ್ತವರನ್ನೆಲ್ಲ ತಮಿಳಿನಲ್ಲಿ ಗದರಿ ರಸ್ತೆಗೆ ಅಟ್ಟಿದ್ದ.

“ನಿಮ್ಮವಳೂ ಒಳಗಿದಾಳಾ?”

“ಒಳಗೇ ಅವ್ಳೆ ಸ್ವಾಮಿ. ಅಗೋ, ನೀಲಿ ಅಂಗಿ.”

ಅಂಕಣದ ತುಂಬ ನೀಲಿ ಅಂಗಿಯವರೇ ಇದ್ದರು.

ಬರಲೇಬೇಡ ಎಂದು ಮಗಳು ಭಾನು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ರಾಮಾಂಜಿನಪ್ಪ ಹೂಂ ಎಂದು ತಲೆಯಾಡಿಸಿ, ಬೆಳಗಿನ ಮೊದಲ ಬಸ್ಸಿಗೇ ಉದ್ದನಪಲ್ಲಿಯಿಂದ ಹೊರಟುಬಂದಿದ್ದ. ಅವಳ ಹೆದರಿಕೆಗೂ ಕಾರಣವಿತ್ತು. ಅವಳು ಶಾಲೆಯಲ್ಲಿದ್ದಾಗ ಕೃಷ್ಣಗಿರಿಯ ಪಂದ್ಯವೊಂದರಲ್ಲಿ ಮಗಳ ಶೂ ದಾರ ಬಿಚ್ಚಿದ್ದು ಕಂಡು, ಆಟದ ಮಧ್ಯೆಯೇ ಅಂಕಣಕ್ಕೆ ನುಗ್ಗಿ ಕಟ್ಟಿ ಬಂದಿದ್ದ ಆಸಾಮಿ ಅವನು. ಈ ದಿನವೂ ಸುಮ್ಮನಿರಲಿಲ್ಲ. ಗುಡಿಸುವವಳ ಕೈಕಾಲು ಹಿಡಿದು ಮೈದಾನದ ಕಲ್ಲು ಹೆಕ್ಕಿಸಿದ್ದ. ಶಾಮಿಯಾನ ಹಾಕಿಸಿ ಎಂದು ಆಫೀಸಿನವರ ತಲೆ ತಿಂದಿದ್ದ. ಹೆಂಡತಿ ಬೈರಮ್ಮ ಕಟ್ಟಿಕೊಟ್ಟ ರಾಗಿ ಅಂಬಲಿಯನ್ನು ವಾಚ್‌ಮನ್ ಕೈಯಲ್ಲಿ ಒಳಗೆ ಕಳಿಸಿದ್ದ. ಅದು ಮುಚ್ಚಳ ತೆಗೆಯದೆ ವಾಪಸ್ ಬಂದಿತ್ತು.

ಸೀಟಿ ಕೇಳಿಸಿತು. ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದ ದಪ್ಪ ಮೀಸೆಯವರನ್ನು ಮುರಳೀಕೃಷ್ಣ ತೋರಿಸಿದ. ಹೊಸದಾಗಿ ಬಂದಿರುವ ಕೋಚ್ ಅವರೇ ಇರಬೇಕು ಎಂದ. ಹಳೆಯ ಕೋಚ್, ಹೆತ್ತವರ ಕಾಟ ತಾಳಲಾರದೆ ಕೆಲಸ ಬಿಟ್ಟು ಓಡಿದರಂತೆ. ಹೊಸಬರು ಹಳ್ಳಿ ಕಡೆಯವರಂತೆ, ದೊಡ್ಡವರಿಂದ ಎರಡು ಫೋನ್ ಹೋದರೆ ಬಗ್ಗುತ್ತಾರೆ, ಆ ಏರ್ಪಾಡು ಮಾಡಿದ್ದೇನೆ ಎಂದು ದನಿ ತಗ್ಗಿಸಿದ.

ರಾಮಾಂಜಿನಪ್ಪನ ಮುಖ ಬಿಗಿಯಿತು. “ಫೋನಿಗೆಲ್ಲ ಬಗ್ಗೋ ಜಾತಿ ಅಲ್ಲ ಸ್ವಾಮಿ ಅದು.”

“ನಿಮಗೆ ಗೊತ್ತಾ?”

“ಒಂದೇ ಊರು,” ಎಂದು ರಾಮಾಂಜಿನಪ್ಪ ಮಾತು ತಿರುಗಿಸಿದ.

ಅಷ್ಟರಲ್ಲಿ ಅಂಕಣದಲ್ಲಿ ಭಾನು ರೈಡ್‌ಗೆ ಇಳಿದಳು. ಕಡ್ಡಿಯಂಥ ಹುಡುಗಿ. ಏಳು ಜನ ಸುತ್ತುಗಟ್ಟಿದರೂ ಒಬ್ಬರ ಕೈಗೂ ಸಿಗದೆ, ಮೂವರನ್ನು ಮುಟ್ಟಿ, ನಡುಗೆರೆ ದಾಟಿ ನಗುತ್ತ ನಿಂತಳು.

“ನಿಮ್ಮವಳಿಗೆ ಜಾಗ ಗ್ಯಾರಂಟಿ ಬಿಡಿ,” ಎಂದ ಮುರಳೀಕೃಷ್ಣ, ಹೊಟ್ಟೆಯುರಿಯನ್ನು ನುಂಗಿಕೊಂಡು.

“ಗ್ಯಾರಂಟಿ ಎಲ್ಲಿ ಸ್ವಾಮಿ? ಆರು ತಿಂಗ್ಳು ನೋಡ್ತಾರಂತೆ. ಆಮೇಲೆ ಕಾಯಂ. ಇಲ್ದಿದ್ರೆ ಊರಿಗೆ ವಾಪಸ್ಸು.”

ಇಂಥ ನಿಯಮ ತನ್ನ ಮಗಳಿಗೂ ಇದೆಯೋ ಏನೋ ಎಂದು ವಕೀಲ ಚಿಂತೆಗೆ ಬಿದ್ದ.

ವನಿತಾಳ ಸರದಿ ಬಂತು. ಮುರಳೀಕೃಷ್ಣ ಗೋಡೆಯ ಮೇಲಿಂದಲೇ ಎಡಕ್ಕೆ, ಬಲಕ್ಕೆ ಎಂದು ಕೂಗಿದ. ಹುಡುಗಿ ಅಪ್ಪನತ್ತ ತಿರುಗಿದಳು, ಅವಳ ಕಾಲು ಹಿಡಿದು ಕೆಡವಿದರು. ಎರಡನೆಯ ಸಲವೂ ಹಾಗೇ ಆಯಿತು. ಇದು ಮೋಸ, ಹೋಗಿ ಕೇಳಿಯೇಬಿಡುತ್ತೇನೆ ಎಂದು ವಕೀಲ ಒಳಕ್ಕೆ ಧುಮುಕಲು ಹೊರಟಾಗ ರಾಮಾಂಜಿನಪ್ಪ ಅವನ ಬೆಲ್ಟ್ ಹಿಡಿದುಕೊಂಡ.

“ಇಳೀಬ್ಯಾಡಿ. ನೀವು ಕೂಗಿದಾಗೆಲ್ಲ ಆ ಮಗು ನಿಮ್ ಕಡೆ ನೋಡ್ತದೆ. ಆಟ ನೋಡೋದು ಯಾವಾಗ? ನಾನು ಈ ತಪ್ಪು ಬೇಕಾದಷ್ಟು ಮಾಡಿವ್ನಿ.”

ಮುರಳೀಕೃಷ್ಣ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡ. ಮೂರನೆಯ ರೈಡ್. ವನಿತಾ ಗೋಡೆಯತ್ತ ಒಮ್ಮೆ ನೋಡಿದಳು. ಸದ್ದಿಲ್ಲ. ಮುಂದಕ್ಕೆ ಬಗ್ಗಿದಳು, ಜಾರಿದಳು, ಇಬ್ಬರನ್ನು ಮುಟ್ಟಿ, ಮೂರನೆಯವಳನ್ನು ಬೆನ್ನ ಮೇಲೆ ಎಳೆದುಕೊಂಡೇ ಗೆರೆ ತಲುಪಿದಳು. ಮುರಳೀಕೃಷ್ಣ ರಾಮಾಂಜಿನಪ್ಪನನ್ನು ತಬ್ಬಿಕೊಂಡ. ಇಬ್ಬರೂ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ಬಿಸಿಲು ಏರಿತ್ತು. ಹುಡುಗಿಯರೆಲ್ಲ ನೆರಳಿಗೆ ಹೋಗಿ ನೀರು ಕುಡಿಯುತ್ತಿದ್ದರು. ಭಾನು ಮಾತ್ರ ಬಯಲಲ್ಲೇ ನಿಂತಿದ್ದಳು. ರಾಮಾಂಜಿನಪ್ಪ ಹಲ್ಲು ಕಚ್ಚಿದ, ತುಟಿ ಕಚ್ಚಿದ. ಕೊನೆಗೆ ತಡೆಯಲಾರದೆ, ಹೊಲದಲ್ಲಿ ಕೂಗಿ ಪಳಗಿದ ಆ ಗಂಟಲು ತೆರೆದುಕೊಂಡಿತು.

“ಭಾನೂ, ಬಿಸ್ಲಲ್ಲಿ ತಲೆ ಸುತ್ತಿ ಬೀಳ್ತೀಯ ಕಣವ್ವ. ಬಂದು ಒಂದು ಗುಟುಕು ಅಂಬಲಿ ಕುಡಿ.”

ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಭಾನು ಮೆಲ್ಲಗೆ ತಿರುಗಿ ಗೋಡೆಯತ್ತ ನಡೆದು ಬಂದಳು. ಕುರ್ಚಿಯ ಮೀಸೆಯವರೂ ಎದ್ದು ಅವಳ ಹಿಂದೆಯೇ ಹೊರಟರು.

“ಕೆಲಸ ಕೆಡಿಸಿಬಿಟ್ರಲ್ಲ,” ಎಂದು ಮುರಳೀಕೃಷ್ಣ ಪಿಸುಗುಟ್ಟಿದ. ಆದರೆ ಅವನ ಮನಸ್ಸೂ ಕರಗಿತ್ತು. ಅವಳು ಗೋಡೆಯ ಬುಡಕ್ಕೆ ಬಂದ ಕೂಡಲೇ ತಾನೇ ಮುಂದಾಗಿ ಬಗ್ಗಿದ. “ಹೆದರಬೇಡಮ್ಮ. ನಿಮ್ಮಪ್ಪ ಮಾಡಿದ್ದಕ್ಕೆ ನಿನಗ್ಯಾಕೆ ಶಿಕ್ಷೆ? ಕೋಚ್ ಹತ್ರ ನಾನು ಮಾತಾಡ್ತೀನಿ.”

“ಮಾತಾಡಿ ಸಾರ್, ನಾನೇ ಕೋಚು,” ಎಂದು ಭಾನು ಅಂಗೈಯಲ್ಲಿದ್ದ ಸೀಟಿಯನ್ನು ಕೊರಳಿಗೆ ಹಾಕಿಕೊಂಡಳು. “ವನಿತಾ ಸೋಮವಾರದಿಂದ ಪ್ರಾಕ್ಟೀಸಿಗೆ ಬರ್ಲಿ. ಅಪ್ಪಾ, ನನ್ ಹಿಂದೇನೇ ನಮ್ ಪ್ರಿನ್ಸಿಪಾಲ್ ಸಾರು ನಿಂತು ನೋಡ್ತಾವ್ರೆ, ಮೊದ್ಲು ನೀನು ಇಳಿ.”