ಗಂಟೆಗೊಂದೇ ಸಲ

ಹಾಡು ಕೇಳುತ್ತಿದ್ದಾರೆ, ಅನುಮಾನವೇ ಇಲ್ಲ, ಎಂದುಕೊಂಡರು ಮ್ಯಾನೇಜರ್. ಗಾಜಿನ ಗೋಡೆಯಾಚೆ ಅನುವಾದಕಿ ಎರಡೂ ಕಿವಿ ಮುಚ್ಚುವಂಥ ದಪ್ಪ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದರು. ಬೆಳಿಗ್ಗೆ ಅದು ಇರಲಿಲ್ಲ. ಊಟದ ಹೊತ್ತಿನಲ್ಲಿ ಅಂಗಡಿಗೆ ಓಡಿ ತಂದದ್ದು.

ಕೆಳಗೆ ಲಾರಿ ಗುರುಗುಟ್ಟುತ್ತಿತ್ತು. ಕುಕ್ಕರುಗಳು ಪೆಟ್ಟಿಗೆ ಸೇರಿದ್ದವು. ಜತೆಗೆ ಹೋಗಬೇಕಾದ ಕೈಪಿಡಿಯ ಅನುವಾದ ಮಾತ್ರ ಬೆಳಗಿನಿಂದ ಒಂದೇ ವಾಕ್ಯದಲ್ಲಿ ಠಿಕಾಣಿ ಹೂಡಿತ್ತು: 'ಮುಚ್ಚಳ ತೆರೆಯುವ ಮುನ್ನ...' ಮುನ್ನ ಏನು ಮಾಡಬೇಕೆಂದು ಹೇಳದೆ ಮಾರಿದರೆ ಮುಚ್ಚಳದ ಜತೆ ಕಂಪನಿಯ ಹೆಸರೂ ಹಾರಿಹೋಗುತ್ತಿತ್ತು.

ಹಿಂದಿನ ಕೈಪಿಡಿಯೂ ತಡವಾಗಿತ್ತು. ಮೇಲ್ ನೋಡುವ ಚಟವೇ ಇದಕ್ಕೆಲ್ಲ ಮೂಲವೆಂದು ಮ್ಯಾನೇಜರೇ ಕಂಡುಹಿಡಿದು, ಬೆಳಿಗ್ಗೆ ಆಕೆಯನ್ನು ಕರೆದು ಖಡಾಖಂಡಿತವಾಗಿ ಹೇಳಿದ್ದರು.

"ಇವತ್ತಿಂದ ಗಂಟೆಗೊಂದೇ ಸಲ ಮೇಲ್ ನೋಡೋದು. ಕೈಪಿಡಿ ಸಂಜೆ ಒಳಗೆ ಮುಗೀಬೇಕು. ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ."

ಅನುವಾದಕಿಯ ಗಂಡನ ಕೆಲಸ ಹೋದ ತಿಂಗಳಷ್ಟೇ ಹೋಗಿತ್ತು. ಮನೆ ನಡೆಯುತ್ತಿದ್ದುದು ಆಕೆಯ ಸಂಬಳದಲ್ಲೇ.

"ಒಂದು ಗಂಟೆನೂ ತಪ್ಪಿಸಲ್ಲ ಸಾರ್," ಎಂದರು ಆಕೆ. ಕೈಮುಗಿಯುವುದೊಂದು ಬಾಕಿ.

ಮ್ಯಾನೇಜರ್ ತಾವೂ ಶಿಸ್ತಿನ ಮನುಷ್ಯ. ತಮಗೆ ಬಂದ ಮೇಲ್‌ಗಳನ್ನು ಸಂಜೆಯವರೆಗೆ ತೆರೆದು ನೋಡುವವರಲ್ಲ. ಪದೇ ಪದೇ ಬಾಗಿಲು ತಳ್ಳಿ ಇಣುಕಿ, ಕೆಲಸ ಮಾಡುವವರ ಗಮನ ಕೆಡಿಸುವ ಪೈಕಿಯೂ ಅಲ್ಲ. ಕುರ್ಚಿ ಬಿಟ್ಟೇಳದೆ, ತಮ್ಮ ಪಾಡಿಗೆ ತಾವು ನಿಗಾ ಇಟ್ಟಿದ್ದರು.

ಹೆಡ್‌ಫೋನ್ ಕಂಡ ಮೇಲೆ ತಾಳ್ಮೆ ಕೆಟ್ಟಿತು. ಫೋನಿನಲ್ಲಿ ಏನನ್ನೋ ಒತ್ತಿ, ಜೇಬಿಗಿಳಿಸಿ, ಒಳಗೆ ನುಗ್ಗಿದರು.

"ಮೇಲ್ ಎಷ್ಟು ಸಲ ನೋಡಿದ್ರಿ?"

"ಗಂಟೆಗೊಂದೇ ಸಲ ಸಾರ್. ನನ್ನಾಣೆಗೂ ಎರಡನೇ ಸಲ ಮುಟ್ಟಿಲ್ಲ." ಆಕೆಯ ಕಣ್ಣುಗಳು ಕೆಂಪಾಗಿದ್ದವು. "ಊಟಾನೂ ಮಾಡಿಲ್ಲ."

"ಮತ್ತೆ ಕೈಪಿಡಿ ಯಾಕೆ ಅಲ್ಲೇ ಇದೆ? ಕಿವೀಲಿ ಇದೇನು?"

"ಲಾರಿ ಸದ್ದು ಸಾರ್. ನೀವು ಹೇಳಿದ್ದು ತಪ್ಪಿಹೋಗಬಾರದಲ್ವಾ, ಅದಕ್ಕೆ."

ನೀವು ಹೇಳಿದ್ದು! ಇಷ್ಟು ನಯವಾಗಿ ಕಿವಿಗೆ ಹೂವಿಡುವವರನ್ನು ಮ್ಯಾನೇಜರ್ ಕಂಡಿರಲಿಲ್ಲ. ಹೆಡ್‌ಫೋನ್ ಕಸಿದು ತಾವೇ ಹಾಕಿಕೊಂಡರು. ಹಾಡಿಲ್ಲ. ಮಾತಿಲ್ಲ. ಒಂದು ಪಿಸುಗುಡುವ ಸದ್ದೂ ಇಲ್ಲ. ಬೆಪ್ಪಾದರು, ಆದರೂ ಬಿಡಲಿಲ್ಲ.

"ನೋಡಿ ಮೇಡಂ, ನಾಳೆಯಿಂದ ನೀವು..."

ಕಿವಿಯೊಳಗೆ ಪುಟ್ಟ ಗಂಟೆಯೊಂದು ಟಿಣ್ ಎಂದಿತು. ಮ್ಯಾನೇಜರ್ ಬೆಚ್ಚಿಬಿದ್ದದ್ದನ್ನು ಕಂಡಿದ್ದೇ ತಡ, ಆಕೆ ಮೌಸಿಗೆ ಕೈ ಹಾಕಿದರು.

"ಸ್ವಲ್ಪ ಸರೀರಿ ಸಾರ್, ಗಂಟೆ ಆಯ್ತು."

ಪರದೆಯ ಮೇಲೆ, ತುದಿಯಿಂದ ಬುಡದವರೆಗೂ ಸಾಲುಸಾಲಾಗಿ, ಮ್ಯಾನೇಜರದೇ ಮೇಲ್: 'ಮೇಲ್ ನೋಡ್ತಿಲ್ಲ ತಾನೆ?'