ಸಾಲಿನ ಹಿಂದೆ ಬಂದವಳು

"ಎರಡೇ ಸಾಲು ಮಾವ. ಉತ್ತು ತೋರಿಸಿ, ಅಷ್ಟು ಸಾಕು. ಬಂದವರ ಹತ್ರ ಮಾತಾಡೋದಾದ್ರೆ ಬನ್ನಿ, ಹೋಗಿ ಅಂತ ಮರ್ಯಾದೆಯಿಂದ ಮಾತಾಡಿ," ಎಂದಳು ಸೊಸೆ, ಬದುವಿನ ಮೇಲೆ ನಿಂತು.

"ಎತ್ತಿಗೂ ಬನ್ನಿ ಹೋಗಿ ಅನ್ಬೇಕೇನಮ್ಮ?" ಎಂದ ಮುದುಕ.

ಅವಳಿಗೆ ನಗು ಬರಲಿಲ್ಲ. ಹೊಲ ನೋಡಲು ಬರುವ ಪೇಟೆಯ ಅತಿಥಿಗಳನ್ನು ಉಳಿಸಿಕೊಂಡು ಉಪಚರಿಸುವ ತರಬೇತಿ ಮುಗಿಸಿದ್ದಳು, ಇವತ್ತು ಪರೀಕ್ಷೆ. ಪಾಠ ಹೇಳಿದ ಮೇಡಮ್ಮೇ ಅತಿಥಿಯಾಗಿ ಬಂದಿದ್ದರು. ಅವರು ಸೈ ಎಂದರೆ ಮನೆಗೆ ಜನ ಬರುತ್ತಾರೆ, ಊರೂರು ಲಾರಿ ಓಡಿಸುವ ಗಂಡ ಅದನ್ನು ಬಿಟ್ಟು ಮನೆ ಸೇರುತ್ತಾನೆ. ಇಲ್ಲವಾದರೆ ಸುಣ್ಣ ಬಳಿದು ಹಾಸಿಗೆ ಹಾಕಿಟ್ಟ ಕೋಣೆಗೆ ಮತ್ತೆ ಗೊಬ್ಬರದ ಮೂಟೆಗಳೇ ಗತಿ.

ಆ ಹೊಲದಲ್ಲಿ ನೇಗಿಲು ಹೋಗಿ ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲವಾಗಿತ್ತು. ಎತ್ತುಗಳು ಪಕ್ಕದ ಮನೆಯವರದು. ನೇಗಿಲು ಮಾತ್ರ ತಮ್ಮದೇ, ಅಟ್ಟದಿಂದ ಇಳಿಸಿದ್ದು. ಮುದುಕ ನೇಗಿಲ ಮೇಳಿ ಹಿಡಿದು ಎತ್ತುಗಳನ್ನು ಹೊರಡಿಸಿದ. ಮೇಡಂ ಚಪ್ಪಲಿ ಬಿಟ್ಟು, ಬೀಜದ ಬುಟ್ಟಿ ಸೊಂಟಕ್ಕಿಟ್ಟುಕೊಂಡು, ಸಾಲಿಗೆ ಕಾಳು ಬಿಡುತ್ತಾ ಹಿಂದೆ ನಡೆದರು.

ಉಳುವವನು ಹಿಂದೆ ತಿರುಗಿ ನೋಡುವಂತಿಲ್ಲ, ನೋಡಿದರೆ ಸಾಲು ಸೊಟ್ಟಗಾಗುತ್ತದೆ. ಹಿಂದೆ ಬರುವವರು ಅವನಿಗೆ ಬರೀ ಸದ್ದು. ಮಣ್ಣಿನ ಹಸಿ ವಾಸನೆ ಮೇಲೆದ್ದಿತು. ಬೆನ್ನ ಹಿಂದೆ ಬಳೆ ಸದ್ದಾಯಿತು. ಮುದುಕ ಬಾಯಿ ತೆರೆದ.

"ದೂರ ದೂರ ಬಿಡೇ. ಕಾಳೇನು ನಿಮ್ಮಪ್ಪ ಕಟ್ಟಿ ಕಳಿಸಿದ್ದಾ?"

ಸೊಸೆ ಬದುವಿನ ಮೇಲಿಂದ ಕೂಗಿದಳು. "ಮಾವ, ನಿಲ್ಸಿ. ಸಾಕು, ನಿಲ್ಸಿ."

ಅವನಿಗೆ ಕೇಳಿಸಲಿಲ್ಲ. "ಕಾಲೆತ್ತಿ ಇಡು. ಹೆಂಗಸೋ ಆಮೆಯೋ ನೀನು... ಬೆಳಿಗ್ಗೆಯಿಂದ ಹೊಟ್ಟೆಗೇನಾದ್ರೂ ಹಾಕ್ಕೊಂಡ್ಯಾ? ಇಲ್ಲ ಅಲ್ವಾ. ನಂಗೊತ್ತು. ಈ ಸಾಲು ಮುಗೀಲಿ, ಮೊದ್ಲು ಹೋಗಿ ಉಣ್ಣು."

ಸಾಲು ಮುಗಿಯಿತು. ಎತ್ತು ತಿರುಗಿಸುವಾಗ ಅವನೂ ತಿರುಗಿದ. ಬುಟ್ಟಿ ಹಿಡಿದು ನಿಂತವಳು ಬೇರೆಯವಳು. ಮುದುಕ ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು, "ತಪ್ಪಾಯ್ತು ಮೇಡಂ. ಹಿಂದೆ ನಮ್ಮವಳು ಬರ್ತಿದ್ಲು. ಅದೇ ಗುಂಗು," ಎಂದ.

ಸೊಸೆ ಹೊಲ ದಾಟಿ ಓಡಿಬಂದಳು. "ಅತ್ತೆ ಹೋಗಿ ತುಂಬ ವರ್ಷ ಆಯ್ತು ಮೇಡಂ. ಬೇಜಾರು ಮಾಡ್ಕೋಬೇಡಿ..."

"ಬೇಜಾರಾ?" ಮೇಡಂ ಮೂಗು ಒರೆಸಿಕೊಂಡರು. "ಬೈತಾ ಬೈತಾ ಊಟ ಆಯ್ತಾ ಅಂತ ನನ್ನನ್ನ ಯಾರೂ ಕೇಳಿಲ್ಲಮ್ಮ. ನೀನು ಪಾಸು. ಒಂದೇ ಮಾತು, ನಿನ್ನ ಮಾವ ಬಂದ ಅತಿಥಿಗಳಿಗೆಲ್ಲ ಹೀಗೇ ಬೈಲಿ. ಇದಕ್ಕೇ ಜನ ಹುಡುಕ್ಕೊಂಡು ಬರ್ತಾರೆ ನೋಡು."

ಸೊಸೆ ಮಾವನ ಮುಖ ನೋಡಿದಳು. ಕೇಳಲಾರದೆ ಕೇಳಿದಳು, "ಆಗುತ್ತಾ ಮಾವ?"

ಮುದುಕ ಎತ್ತಿನ ಕೊರಳು ಸವರುತ್ತಾ ನಿಂತಿದ್ದ.

"ಉಳು ಅಂದ್ರೆ ದಿನಾ ಉಳ್ತೀನಿ ಕಣಮ್ಮ. ನಿನ್ನ ಗಂಡ ಮನೆ ಸೇರ್ಲಿ. ಬೈಯೋದು ಮಾತ್ರ ಕೈಲಾಗಲ್ಲ. ಬೈಸ್ಕೊಳ್ಳೋಳು ದಿನಾ ಬರಲ್ಲ."