ಐದನೆಯ ಹಾಡು

ಒಂದು ಕ್ಯಾಸೆಟ್ಟಿಗೆ ಒಂದೇ ಹಾಡು ಉಳಿಯಬೇಕೆಂಬ ಕಾಯಿದೆ ಬಂದು ಇಪ್ಪತ್ತು ವರ್ಷವಾಗಿತ್ತು. ಹಾಡು ಆರಿಸುವ ಕಚೇರಿಯಲ್ಲಿ ವೇದವತಿಗೂ ಅಷ್ಟೇ ವರ್ಷದ ನೌಕರಿ. ಎಲ್ಲವನ್ನೂ ಕೇಳಿ, ಅತ್ಯುತ್ತಮವಾದ ಒಂದನ್ನು ಉಳಿಸಿ, ಮಿಕ್ಕವಕ್ಕೆ ಗುಂಡಿ ಒತ್ತುತ್ತಿದ್ದಳು. ಒತ್ತಿದರೆ ಆ ಹಾಡುಗಳು ಟೇಪಿನಿಂದಲೂ ಹೋಗುತ್ತಿದ್ದವು, ಎಲ್ಲರ ತಲೆಯಿಂದಲೂ ಹೋಗುತ್ತಿದ್ದವು. ಅವಳಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಒಂದು ಒಳ್ಳೆಯ ಹಾಡಿಗಾಗಿ ಏಳು ಸಪ್ಪೆ ಹಾಡುಗಳನ್ನು ಜನ ಯಾಕೆ ಸಹಿಸಬೇಕು?

ಆ ದಿನ ಅವಳು ಊಟಕ್ಕೆ ಕೂತಾಗ ಮುದುಕರೊಬ್ಬರು ಬಂದು ಹಳೆಯ ಕ್ಯಾಸೆಟ್ಟಿನ ಖಾಲಿ ಕವರನ್ನು ಮೇಜಿನ ಮೇಲಿಟ್ಟರು.

"ನಾನು ಶೇಷಗಿರಿ ಅಂತ, ತಬಲಾ ನುಡಿಸ್ತಿದ್ದೆ. ಇದು ಅಟ್ಟದ ಮೇಲೆ ಸಿಕ್ತು ತಾಯಿ. ಐದನೇ ಹಾಡಿಗೆ ತಬಲಾ ನಂದೇ ಅಂತ ಬರೆದಿದೆ. ಹಾಡಿದೋರು ನೀವಂತೆ."

"ನಾನಾ? ನಾನು ಯಾವತ್ತೂ ಹಾಡಿದೋಳೇ ಅಲ್ಲ ಸ್ವಾಮಿ," ಎಂದು ವೇದವತಿ ನಕ್ಕಳು.

ಅವರು ಕವರು ತಿರುಗಿಸಿದರು. ಐದನೆಯ ಹಾಡಿನ ಎದುರು ಅವಳ ಹೆಸರಿತ್ತು. ಪಕ್ಕದಲ್ಲಿ ಮೈಕಿನ ಮುಂದೆ ಕಣ್ಣು ಮುಚ್ಚಿ ನಿಂತ ಅವಳದೇ ಫೋಟೊ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ನಂಗೂ ನೆನಪಿಲ್ಲ," ಎಂದರು ಶೇಷಗಿರಿ. "ಹೇಗಿತ್ತು ಅಂತ ತಿಳ್ಕೊಳೋಣ ಅಂತ ಬಂದೆ. ಆರಿಸಿದೋರು ಬರೆದಿಟ್ಟಿರ್ತಾರಲ್ವಾ?"

ಪ್ರತಿ ಹಾಡಿನ ಬಗ್ಗೆ ಅಭಿಪ್ರಾಯ ಬರೆದಿಡುವುದು ಕಚೇರಿಯ ಪದ್ಧತಿ. ವೇದವತಿ ಕೈ ತೊಳೆದು ಹಳೆಯ ಕಡತ ತೆಗೆದಳು. ಆ ಕ್ಯಾಸೆಟ್ಟಿನಲ್ಲಿ ಉಳಿದದ್ದು ಎರಡನೆಯ ಹಾಡು. ಬೆಳಿಗ್ಗೆಯಷ್ಟೇ ರೇಡಿಯೊದಲ್ಲಿ ಅದನ್ನು ಕೇಳಿ ಅವಳ ಕಣ್ಣು ತುಂಬಿತ್ತು.

"ನಮ್ಮದರ ಮುಂದೆ ಏನಂತಿದೆ ತಾಯಿ?"

ಐದನೆಯದರ ಮುಂದೆ ಒಂದೇ ಪದವಿತ್ತು: ಸಾಧಾರಣ.

ಕೈಬರಹ ಅವಳದೇ.